ನಡುಪಟ್ಟಿ

ಸಾವಕ್ಕನ ಕರುಳನ್ನು ಹನ್ನೊಂದು ಮಂದಿ ಫೋಟೋ ಹೊಡೆದುಕೊಂಡರು. ಮುಖವನ್ನು ಒಬ್ಬರೂ ಹೊಡೆಯಲಿಲ್ಲ.

ಎಣಿಸಿದವಳು ಸಾವಕ್ಕನೇ. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಕಬ್ಬಿಣದ ಮಂಚದ ಮೇಲೆ ಅಂಗಾತ ಬಿದ್ದಿದ್ದಳು. ಹೊಟ್ಟೆಯ ಎಡಗಡೆ ಒಂದು ಮೊಳದಷ್ಟು ಕರುಳು ಹೊರಗೆ ಬಂದು ಒದ್ದೆ ಬಟ್ಟೆಯ ಕೆಳಗೆ ಮಿಸುಕಾಡುತ್ತಿತ್ತು. ಕಲಿಯುವ ಹುಡುಗರು, ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಬಟ್ಟೆ ಸರಿಸಿದರು, ಫೋನು ಬಗ್ಗಿಸಿದರು, ಹೋದರು. ದೊಡ್ಡ ಡಾಕ್ಟರು ಬಂದು ಅವರಿಗೆ ಹೇಳಿದರು:

"ಭಾಳ ಅಪರೂಪದ ಕೇಸಿದು. ಹೊಟ್ಟಿ ಮ್ಯಾಲ ಬಾಯಿ ಮಾಡಿಸಿಕೊಂಡವರಾಗ ಸಾವಿರಕ್ಕ ಒಬ್ಬರಿಗೂ ಹಿಂಗ ಆಗಂಗಿಲ್ಲ. ಸರಿಯಾಗಿ ನೋಡ್ಕೋರಿ."

ಐವತ್ತೆರಡು ವರ್ಷದಲ್ಲಿ ಸಾವಕ್ಕನನ್ನು ಯಾರಾದರೂ ಅಪರೂಪ ಎಂದದ್ದು ಅದೇ ಮೊದಲು. ಗಟಾರ ಬಳಿಯುವವಳಲ್ಲಿ ಅಪರೂಪದ್ದು ಏನಿರುತ್ತದೆ? ಒಳಗಿದ್ದದ್ದು ಹೊರಗೆ ಬಿದ್ದಮೇಲೆ ಅಪರೂಪದವಳಾದಳು. ಆ ಮಾತಿಗೆ ಇನ್ನೊಂದು ಉಪಯೋಗವೂ ಇದೆ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು. ಅಪರೂಪಕ್ಕೆ ಆದದ್ದಕ್ಕೆ ಯಾರೂ ಹೊಣೆಯಲ್ಲವಂತೆ.

ಇದನ್ನು ಮೊದಲಿನಿಂದ ಹೇಳಬೇಕು.

ಎರಡು ತಿಂಗಳ ಹಿಂದೆ ಸಾವಕ್ಕನಿಗೆ ಹೊಟ್ಟೆನೋವು ಬಂತು. ಹೊಟ್ಟೆ ತಮಟೆಯಂತೆ ಬಿಗಿಯಿತು. ದವಾಖಾನೆಯಲ್ಲಿ ಕೊಯ್ದು ನೋಡಿದರೆ ದೊಡ್ಡ ಕರುಳು ತಿರುಚಿಕೊಂಡು ಕಪ್ಪಾಗಿತ್ತು. ಕಪ್ಪಾದದ್ದನ್ನು ತೆಗೆದು ಬಿಸಾಕಿ, ಉಳಿದ ತುದಿಯನ್ನು ಹೊಟ್ಟೆಯ ಎಡಗಡೆಗೆ ತಂದು ಕೆಂಪು ಬಾಯಿಯಂತೆ ತೆರೆದು ಹೊಲಿದರು. ಇನ್ನು ಮೇಲೆ ಮಲ ಬರುವುದು ಅಲ್ಲಿಂದ. ಅದರ ಮೇಲೊಂದು ಚೀಲ ಅಂಟಿಸಿದರು. ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಯ್ದು ಒಳಗೇ ಜೋಡಿಸುತ್ತೇವೆ, ಅಲ್ಲಿಯವರೆಗೆ ಹೀಗೆ ಎಂದರು. ಜೀವ ಉಳಿಯಿತು. ಅದನ್ನು ಸಾವಕ್ಕ ಯಾವತ್ತೂ ಇಲ್ಲ ಅನ್ನಲಿಲ್ಲ.

ಆದರೆ ಆ ಕೆಂಪು ಬಾಯಿಯನ್ನು ಮಾಡಿದ್ದು ಸರಿಯಾಗಿ ಸೀರೆ ಕಟ್ಟುವ ಜಾಗದಲ್ಲಿ. ಲಂಗದ ಲಾಡಿ ಎಲ್ಲಿ ಕೂರುತ್ತದೋ ಅಲ್ಲೇ. ನೀನು ಸೀರೆ ಎಲ್ಲಿ ಕಟ್ಟುತ್ತೀ, ಏನು ಕೆಲಸ ಮಾಡುತ್ತೀ ಎಂದು ಯಾರೂ ಕೇಳಿರಲಿಲ್ಲ. ಪೂನಮ್ ಎಂಬ ನರ್ಸಮ್ಮ ಒಬ್ಬಳೇ ಮನೆಗೆ ಕಳಿಸುವಾಗ ಪಕ್ಕದಲ್ಲಿ ಕೂತು ಹೇಳಿದಳು.

"ಅವ್ವಾರ, ಲಾಡಿ ಈ ಬಾಯಿ ಮ್ಯಾಲ ಬಿಗಿಬ್ಯಾಡ್ರಿ. ಮ್ಯಾಲ ಕಟ್ರಿ, ಇಲ್ಲಾ ಭಾಳ ಕೆಳಗ ಕಟ್ರಿ. ಭಾರ ಎತ್ತಬ್ಯಾಡ್ರಿ, ನೂಕಬ್ಯಾಡ್ರಿ. ಬಾಯಿ ಸುತ್ತಲಿನ ಹೊಟ್ಟಿ ಇನ್ನೂ ಹಸಿ ಐತಿ. ಮೂರು ತಿಂಗಳು ಕೆಲಸದ ಹೆಸರು ತಗೀಬ್ಯಾಡ್ರಿ."

ಸಾವಕ್ಕ ಹೂಂ ಅಂದಳು. ಅವಳ ಕೆಲಸವೇ ನಡುಪಟ್ಟಿಯ ಕೆಲಸ ಎಂದು ಪೂನಮ್‌ಗೆ ಹೇಗೆ ಗೊತ್ತಾಗಬೇಕು?

ಗಬ್ಬೂರ ಕಡೆ ಸಾವಕ್ಕನ ಓಣಿಯ ಹೆಂಗಸರು ಹಳೆಯ ನೂಲಿನ ಸೀರೆ ಹರಿದು ಗೇಣಗಲದ ಪಟ್ಟಿ ಮಾಡಿ, ಸೊಂಟಕ್ಕೆ ನಾಲ್ಕು ಸುತ್ತು ಬಿಗಿದುಕೊಂಡೇ ಕೆಲಸಕ್ಕೆ ಹೋಗುವುದು. ಗಟಾರದಿಂದ ರಾಡಿ ಎತ್ತಬೇಕು, ತಳ್ಳುಗಾಡಿ ತುಂಬಬೇಕು, ಏರು ಹತ್ತಿಸಬೇಕು. ನಡ ಕಟ್ಟಿದವಳ ಹೊಟ್ಟೆಗೆ ಭಾರ ತಾಗುವುದಿಲ್ಲ ಎಂದು ಸಾವಕ್ಕನ ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಗಂಟು ಬೆನ್ನ ಹಿಂದೆ ಬರಬೇಕು. ಮುಂದೆ ಬಂದರೆ ಗಾಡಿಯ ಹಿಡಿಕೆ ಅದನ್ನು ಹೊಟ್ಟೆಗೆ ಒತ್ತುತ್ತದೆ. ಹಾಗಾಗಿ ತನ್ನ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳಲು ಬರುವುದಿಲ್ಲ. ಇನ್ನೊಬ್ಬರು ಬೇಕು.

ಸಾವಕ್ಕನಿಗೆ ಹದಿಮೂರು ವರ್ಷ ಆ ಗಂಟು ಹಾಕಿದವನು ಶಶಿಕುಮಾರ.

ಶಶಿ ಅವಳ ಮೈದುನ ಹುಲಗಪ್ಪನ ಮಗ. ಹೆತ್ತವಳು ಹೆರಿಗೆಯಲ್ಲೇ ಹೋದಳು. ಮಗುವಿಗೆ ಎರಡು ವರ್ಷವಾದಾಗ ಹುಲಗಪ್ಪ ಗಟಾರದ ಒಂದು ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಗಂಡನೂ ಇಲ್ಲದ, ಮಕ್ಕಳೂ ಇಲ್ಲದ ಸಾವಕ್ಕ ಆ ಕೂಸನ್ನು ಎತ್ತಿಕೊಂಡಳು. ಮೂರು ತಿಂಗಳು ಭೇದಿ ಹತ್ತಿ ಕೂಸು ಕಡ್ಡಿಯಾಗಿತ್ತು. ಬಳಿದಳು, ತೊಳೆದಳು, ಮತ್ತೆ ಬಳಿದಳು. ಹಗಲು ಊರಿನದು, ರಾತ್ರಿ ಶಶಿಯದು. ಓಣಿಯವರು, "ಸಾವಕ್ಕಾ, ನಿನ್ನ ಹಣಿಬಾರದಾಗ ಬರೇ ಹೇಲ ಬರದಾನ ನೋಡು," ಎಂದು ನಕ್ಕರೆ ಇವಳೂ ನಗುತ್ತಿದ್ದಳು. "ಊರಂದು ನಾರತೈತಿ. ನನ ಕೂಸಿಂದು ನಾರಂಗಿಲ್ಲ," ಅನ್ನುತ್ತಿದ್ದಳು.

ಆರು ವರ್ಷಕ್ಕೆ ಶಶಿ ಗಂಟು ಹಾಕಲು ಕಲಿತ. ಬೆಳಗಿನ ಐದಕ್ಕೆ ಕಣ್ಣುಜ್ಜುತ್ತ ಎದ್ದು, ಅವಳ ಬೆನ್ನ ಹಿಂದೆ ನಿಂತು, ಎರಡೂ ಕೈಯಿಂದ ಎಳೆದು, "ಬಿಗಿ ಆತೇನು ದೊಡ್ಡವ್ವಾ?" ಎಂದು ಕೇಳುತ್ತಿದ್ದ. "ಇನ್ನೂ ಬಿಗಿ, ನನ ರಾಜಾ," ಅನ್ನುತ್ತಿದ್ದಳು. ಆ ಗಂಟಿನ ಬಗೆ ಅವನೇ ಹುಡುಕಿಕೊಂಡದ್ದು. ಎರಡು ಸುತ್ತು ಹಾಕಿ, ಒಂದು ತುದಿಯನ್ನು ಮಡಿಕೆಯೊಳಗೆ ಅಡಗಿಸುತ್ತಿದ್ದ. ದಿನವೆಲ್ಲ ಬಗ್ಗಿ ಎದ್ದರೂ ಸಡಿಲಾಗುತ್ತಿರಲಿಲ್ಲ. ಸಂಜೆ ಅವಳು ರಾಡಿಗೈಯಲ್ಲಿ ಬಂದು ಬೆನ್ನು ಮಾಡಿ ನಿಂತರೆ, ಒಂದು ಕೈಯಲ್ಲಿ ಮಡಿಕೆ ಹಿಡಿದು ಇನ್ನೊಂದರಲ್ಲಿ ಆ ಅಡಗಿದ ತುದಿ ಎಳೆಯುತ್ತಿದ್ದ. ಪಟ್ಟಿ ಸರಕ್ಕನೆ ಉದುರುತ್ತಿತ್ತು. ಬೇರೆಯವರು ತಿಣುಕಿದರೂ ಅದು ಬಿಚ್ಚುತ್ತಿರಲಿಲ್ಲ. ಹಾಕಿದವನೇ ಬಿಚ್ಚಬೇಕು.

ಶಶಿ ಸಾಲಿ ಕಲಿತ, ಕಾಲೇಜು ಮುಗಿಸಿದ. ಗಟಾರ, ರಸ್ತೆ ಸ್ವಚ್ಛ ಮಾಡುವ ಗುತ್ತಿಗೆ ಹಿಡಿದಿದ್ದ ಶುಚಿಪಥ ಎಂಬ ಕಂಪನಿಯಲ್ಲಿ ಸೂಪರ್‌ವೈಜರ್ ಆದ. ಸಾವಕ್ಕನ ತಂಡಕ್ಕೇ ಆದ. ಯಶೋಧರಾಳನ್ನು ಮದುವೆಯಾಗಿ ದೂರದ ಲೇಔಟಿನಲ್ಲಿ ಮನೆ ಮಾಡಿದ. ಬಾಬಾಸಾಹೇಬರ ಜಯಂತಿಗೆ ಓಣಿಗೆ ಬಂದು ಮೈಕು ಹಿಡಿದು, "ನಮ್ಮ ತಾಯಂದಿರ ಕೈಯಿಂದ ಈ ಸಲಿಕೆ ಬೀಳಬೇಕು! ಅಲ್ಲೀತನಕ ನಮಗ ನಿದ್ದಿ ಇಲ್ಲ!" ಎಂದು ಗುಡುಗಿದಾಗ ಮುಂದಿನ ಸಾಲಿನಲ್ಲಿ ಕೂತ ಸಾವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಎಂಥಾ ಮಗನನ್ನು ಸಾಕಿದೆ ಎಂದು ಎದೆ ಉಬ್ಬಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸಾಕಿದವರಿಗೆ ಕಣ್ಣೇ ಇರುವುದಿಲ್ಲ.

ಆ ಕಣ್ಣಿಲ್ಲದ ಸಾವಕ್ಕ ಆಪರೇಷನ್ ಆದಮೇಲೆ ಒಂದು ವಾರ ಅವನ ಮನೆಯಲ್ಲಿದ್ದಳು. ಮಾಳಿಗೆಯ ಮೇಲಿನ ಕೋಣೆಯಲ್ಲಿ. ಪಕ್ಕದ ಮನೆಯವರು ಯಾರ್ರಿ ಅವರು ಎಂದು ಕೇಳಿದ್ದು, "ಊರ ಕಡೆಯವರು," ಎಂದು ಶಶಿ ಹೇಳಿದ್ದು ಎರಡೂ ಅವಳ ಕಿವಿಗೆ ಬಿದ್ದಿತ್ತು. ಬಿದ್ದದ್ದನ್ನು ಅವಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಚೀಲ ಇದ್ದವಳನ್ನು ಮನೆಯಲ್ಲಿ ಇಟ್ಟುಕೊಂಡನಲ್ಲ, ಅದೇ ದೊಡ್ಡದು ಅಂದುಕೊಂಡಳು.

ಆರನೇ ವಾರ ಶಶಿ ಓಣಿಗೆ ಬಂದ. ಕೈಯಲ್ಲಿ ಸೇಬುಹಣ್ಣು.

"ದೊಡ್ಡವ್ವಾ, ನಲವತ್ತೈದು ದಿವಸ ಗೈರಾದ್ರ ಕಂಪನ್ಯಾಗ ಹೆಸರು ತಗೀತಾರ. ಹೆಸರು ಹೋದ್ರ ಕೆಲಸಾನೂ ಹೋತು, ದವಾಖಾನಿ ಕಾರ್ಡೂ ಹೋತು. ಮುಂದಿನ ಆಪರೇಷನ್ ಹೆಂಗ ಮಾಡಸ್ತಿ?"

"ನರ್ಸಮ್ಮ ಮೂರು ತಿಂಗಳು ಬ್ಯಾಡ ಅಂದಾಳಪ್ಪ."

"ಕೆಲಸ ಯಾರು ಮಾಡು ಅಂದ್ರು? ಬರೇ ಹಾಜರಿಗೆ ನಿಲ್ಲು. ಮಷಿನ್‌ಗೆ ಮಾರಿ ತೋರಿಸು, ಗೋದಾಮಿನ ಹಿಂದ ಕೂಡು. ನಾ ಇಲ್ಲೇನು? ಆದ್ರ ಚೀಲ ಇದ್ದದ್ದು ಯಾರಿಗೂ ತಿಳೀಬಾರದು. ರೋಗಿಷ್ಟರನ್ನ ಇಟ್ಕೊಳ್ಳಂಗಿಲ್ಲ ಅಂತಾರ."

ಸಾವಕ್ಕ ಹೋದಳು. ಚೀಲ ತಿಳಿಯದಂತೆ ಇರುವುದು ಸುಲಭವಾಗಿತ್ತು. ಹೇಲು ಬಳಿಯುವವಳ ಮೈಯಿಂದ ಹೇಲಿನ ವಾಸನೆ ಬಂದರೆ ಯಾರಿಗೆ ಅನುಮಾನ? ಈ ಹುಬ್ಬಳ್ಳಿಯಲ್ಲಿ ಆ ಚೀಲ ಕಟ್ಟಿಕೊಂಡು ಯಾರಿಗೂ ಗೊತ್ತಾಗದಂತೆ ಮಾಡಬಹುದಾದ ಕೆಲಸ ಅದೊಂದೇ ಇದ್ದೀತು. ಕೆಲಸದ ಕಡೆ ಗೊತ್ತಿದ್ದವರು ಇಬ್ಬರೇ. ಒಬ್ಬ ಶಶಿ. ಇನ್ನೊಬ್ಬಳು ಅವಳ ಜೋಡಿ ಗಾಡಿ ನೂಕುವ ಮಕ್ತುಮಬಿ. ಇಪ್ಪತ್ತು ವರ್ಷ ಒಂದೇ ಗಾಡಿಯ ಹಿಡಿಕೆ ಹಿಡಿದವಳಿಂದ ಏನು ಮುಚ್ಚಿಡುವುದು?

ಹತ್ತು ದಿನ ಶಶಿ ಮಾತು ಉಳಿಸಿಕೊಂಡ. ಹನ್ನೊಂದನೇ ದಿನ ಬೆಂಗಳೂರಿನಿಂದ ತಪಾಸಣೆಯವರು ಬರುವವರಿದ್ದರು. ಬೈಪಾಸಿನ ಪಕ್ಕದ ಗಟಾರ ಎಂಟು ಗಂಟೆಯೊಳಗೆ ಕನ್ನಡಿಯಂತಾಗಬೇಕು. ಮೂವರು ಗೈರು.

"ದೊಡ್ಡವ್ವಾ, ಇವತ್ತೊಂದು ದಿವಸ. ಬರೇ ಗಾಡಿಗೆ ಕೈ ಹಚ್ಚು. ಮಕ್ತುಮಬಿ ನೂಕ್ತಾಳ."

"ಆಗಂಗಿಲ್ಲೋ ಶಶಿ. ಹೊಟ್ಟಿ ಹಸಿ ಐತಿ."

"ನನ್ನ ಮರ್ಯಾದಿ ಪ್ರಶ್ನೆ ಐತಿ ಇವತ್ತು. ನೀನೂ ಇಲ್ಲ ಅಂದ್ರ ನಾ ಯಾರನ್ನ ಕೇಳ್ಲಿ?" ಅವನು ಅವಳ ಸೀರೆಯ ಕಡೆ ನೋಡಿದ. "ಚೀಲ ಉಬ್ಬಿ ಕಾಣತೈತಿ. ಫೋಟೋ ತಗೀತಾರ ಅವರು. ಪಟ್ಟಿ ಎಲ್ಲೈತಿ?"

ಪಟ್ಟಿ ಅವಳ ಕೈಚೀಲದಲ್ಲಿತ್ತು. ಕಟ್ಟದಿದ್ದರೂ ತರುವ ರೂಢಿ. ಶಶಿ ಅದನ್ನು ತೆಗೆದುಕೊಂಡ. ಎಷ್ಟೋ ವರ್ಷದ ಮೇಲೆ ಅವಳ ಬೆನ್ನ ಹಿಂದೆ ಬಂದು ನಿಂತ. ಸೊಂಟಕ್ಕೆ ಸುತ್ತಿದ. ಎರಡೂ ಕೈಯಿಂದ ಎಳೆದ.

"ಬಿಗಿ ಆತೇನು ದೊಡ್ಡವ್ವಾ?"

ಕೆಂಪು ಬಾಯಿಯ ಮೇಲೆ ಸರಿಯಾಗಿ ಬಿಗಿಯಿತು. ಚುಳ್ಳೆಂದಿತು. ಪೂನಮ್‌ಳ ಮಾತು ನೆನಪಿತ್ತು. ಬೇಡ ಅನ್ನಬೇಕಿತ್ತು. ಸಾವಕ್ಕ, "ಆತು ನನ ರಾಜಾ," ಎಂದು ನಕ್ಕಳು. ಅವಳಿಗೆ ಖುಷಿಯಾಗಿತ್ತು. ಮಗ ಮತ್ತೆ ಬೆನ್ನ ಹಿಂದೆ ನಿಂತಿದ್ದ. ಕರುಳು ಹೊರಬಂದದ್ದಕ್ಕಿಂತ ಈ ಖುಷಿಯನ್ನು ನೆನೆದರೆ ಈಗ ಅವಳಿಗೆ ಹೆಚ್ಚು ನೋವಾಗುತ್ತದೆ.

ಹಾಜರಿ ಮಷಿನ್‌ನ ಮುಂದೆ ನಿಲ್ಲಲು ಹೋದರೆ, "ಅದರಾಗ ಚಾರ್ಜ್ ಇಲ್ಲ, ನಿಂದು ಆಮ್ಯಾಲ ಬರೀತೀನಿ, ಲಗೂ ನಡಿ," ಅಂದ. ಅವಳು ಅದನ್ನೂ ನಂಬಿದಳು.

ರಾಡಿ ನೀರು ಕುಡಿದಿತ್ತು. ಗಾಡಿ ಕಲ್ಲಾಗಿತ್ತು. ಮಕ್ತುಮಬಿ ಒಬ್ಬಳಿಂದ ಅಲುಗಲಿಲ್ಲ. ಸಾವಕ್ಕ ಕೈ ಹಚ್ಚಿದಳು. ಮೊದಲ ಗಾಡಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಏರಿನಲ್ಲಿ ಒಂದು ಕಲ್ಲಿಗೆ ಕಚ್ಚಿಕೊಂಡಿತು. ಇಬ್ಬರೂ ಉಸಿರು ಹಿಡಿದು ನೂಕಿದರು. ಹೊಟ್ಟೆಯಲ್ಲಿ ಏನೋ ಪರ್ರೆಂದಿತು. ಬಿಸಿ ಬಿಸಿ ಇಳಿಯಿತು. ಚೀಲ ಒಡೆಯಿತು ಅಂದುಕೊಂಡು ಸಾವಕ್ಕ ಕೈಯಿಟ್ಟಳು. ಕೈಗೆ ಸಿಕ್ಕಿದ್ದು ಚೀಲವಲ್ಲ. ನುಣ್ಣಗೆ, ಜೀವಂತ, ಜಾರುವಂಥದ್ದು. ಕೆಂಪು ಬಾಯಿಯ ಪಕ್ಕದ ಹೊಲಿಗೆ ಬಿಟ್ಟು ಒಳಗಿನ ಸಣ್ಣ ಕರುಳು ಪಟ್ಟಿಯ ಕೆಳಗಿನಿಂದ ತೂರಿ ಹೊರಬಂದಿತ್ತು.

"ಯಾ ಅಲ್ಲಾ!" ಎಂದು ಮಕ್ತುಮಬಿ ಗಾಡಿ ಬಿಟ್ಟಳು. ಅವಳ ಮನೆಯಲ್ಲಿ ಬೋಟಿ ಮಾರುವ ಕಸುಬು. ಕುರಿಯ ಕರುಳು ತೊಳೆದ ಕೈ ಅದು. ಅವಳು ಕೂಗುತ್ತ ಕೂರಲಿಲ್ಲ. ಕುಡಿಯುವ ನೀರಿನ ಬಾಟಲಿ ತನ್ನ ಸೆರಗಿಗೆ ಸುರಿದು, ಒದ್ದೆ ಸೆರಗನ್ನು ಕರುಳಿನ ಮೇಲೆ ಹೊದಿಸಿ ಅಂಗೈಯಲ್ಲಿ ಆನಿಸಿ ಹಿಡಿದಳು.

"ಒಣಗಬಾರದು. ಒತ್ತಬಾರದು. ಅಲ್ಲಾಡಬ್ಯಾಡ ಸಾವಕ್ಕಾ. ಪಟ್ಟಿ ಬಿಚ್ಚಬೇಕು, ಕತ್ತ ಹಿಚಿಕಿದಂಗ ಆಗೇತಿ... ಈ ಗಂಟ ಬರವಲ್ದು... ಶಶಿ ಸಾಹೇಬ್ರ! ಬರ್ರಿ ಇಲ್ಲೆ! ಈ ಗಂಟ ಬಿಚ್ಚರಿ!"

ಶಶಿ ಹತ್ತು ಹೆಜ್ಜೆ ದೂರದಲ್ಲಿದ್ದ. ಕಿವಿಗೆ ಫೋನು. ತಪಾಸಣೆಯವರ ಗಾಡಿ ಬರುವ ದಾರಿಯ ಕಡೆ ಕಣ್ಣು. ಒಂದು ಸಲ ತಿರುಗಿ ನೋಡಿದ. ಮುಖ ಬಿಳಿಚಿತು. ಹತ್ತಿರ ಬರಲಿಲ್ಲ.

"ಆಟೋದಾಗ ಹಾಕಿಕೊಂಡು ಹೋಗ್ರಿ, ಲಗೂ! ಗಾಡಿ ಆ ಕಡೆ ಸರಸ್ರಿ. ರಸ್ತಾದಾಗ ಬ್ಯಾಡ."

ಹತ್ತೇ ಹೆಜ್ಜೆ. ಆ ಗಂಟು ಬಿಚ್ಚಲು ಬರುತ್ತಿದ್ದದ್ದು ಜಗತ್ತಿನಲ್ಲಿ ಅವನೊಬ್ಬನಿಗೇ. ಆಟೋದಲ್ಲಿ ಮಕ್ತುಮಬಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಸಾವಕ್ಕನಿಗೆ ದಾರಿಯುದ್ದಕ್ಕೂ ಒಂದೇ ಅನಿಸುತ್ತಿತ್ತು: ಈಗ ಬರುತ್ತಾನೆ, ಹಿಂದೆ ಬೈಕಿನ ಮೇಲೆ ಬರುತ್ತಿದ್ದಾನೆ. ದವಾಖಾನೆಯಲ್ಲಿ ಪೂನಮ್ ಗಂಟಿನ ಜತೆ ಗುದ್ದಾಡಿ ಸೋತು ಪಟ್ಟಿಯನ್ನು ಮುಂದಿನಿಂದ ಕತ್ತರಿಸಿದಳು. ಗಂಟು ಗಂಟಾಗಿಯೇ ಉಳಿಯಿತು.

ಆಮೇಲೆ ಆ ಹನ್ನೊಂದು ಫೋಟೋ. ಆಮೇಲೆ ಎರಡನೇ ಆಪರೇಷನ್. ಕರುಳನ್ನು ಒಳಗೆ ಹಾಕಿದರು. ಕಪ್ಪಗಾದ ಒಂದು ತುಂಡು ತೆಗೆದರು. ಕೆಂಪು ಬಾಯಿಯನ್ನು ಅಲ್ಲಿಂದ ಕಿತ್ತು ಇನ್ನೂ ಮೇಲೆ ಹೊಸ ಜಾಗದಲ್ಲಿ ಮಾಡಿದರು. ಚೀಲ ಹಾಗೇ ಉಳಿಯಿತು. ಕೊನೆಯ ಆಪರೇಷನ್ ಇನ್ನು ಒಂದು ವರ್ಷ ಇಲ್ಲ ಎಂದರು.

ಶಶಿ ಬಂದದ್ದು ಐದನೇ ದಿನ. ಕೈಯಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ಒಂದು ಹಾಳೆ. ಮಂಚದ ಅಂಚಿಗೆ ಕೂತು ಅವಳ ಕಾಲು ಮುಟ್ಟಿದ. ಕಣ್ಣಲ್ಲಿ ನೀರೂ ಬಂತು. ಸಾವಕ್ಕನಿಗೆ ಸಿಟ್ಟೆಲ್ಲ ಇಳಿದುಹೋಯಿತು. ಹೆಸರಿಗೆ ದೊಡ್ಡವ್ವ ಅವಳು, ಬುದ್ಧಿಯಲ್ಲಿ ದಡ್ಡಿ.

"ಇದಕ್ಕೊಂದು ಹೆಬ್ಬಟ್ಟು ಒತ್ತು ದೊಡ್ಡವ್ವಾ. ಕಂಪನಿಯವರು ಕೇಳ್ಯಾರ."

"ಏನೈತಿ ಅದರಾಗ? ಓದು."

ಅವನು ಓದಲಿಲ್ಲ. ಪಕ್ಕದ ಮಂಚದ ಹುಡುಗಿಯನ್ನು ಸಾವಕ್ಕ ಕರೆದಳು. ಹುಡುಗಿ ತಡವರಿಸುತ್ತ ಓದಿದಳು. ಸದರಿ ಸಾವಕ್ಕ ಆ ದಿನ ಕೆಲಸಕ್ಕೆ ಹಾಜರಿರಲಿಲ್ಲ. ಡಾಕ್ಟರ ಸಲಹೆ ಮೀರಿ ಮನೆಯಲ್ಲಿ ತಾನೇ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ನೀರಿನ ಕೊಡ ಎತ್ತುವಾಗ ಆದ ಅಪರೂಪದ ತೊಂದರೆ. ಇದಕ್ಕೆ ಯಾರೂ ಹೊಣೆಯಲ್ಲ.

ಸಾವಕ್ಕ ಪಟ್ಟಿಯ ಸಾಲನ್ನು ಇನ್ನೊಮ್ಮೆ ಓದಿಸಿದಳು.

"ತಾನೇ ಬಿಗಿದುಕೊಂಡು," ಎಂದಳು. "ಶಶಿ, ಬೆನ್ನ ಹಿಂದಿನ ಗಂಟ ನಾನ ಹಾಕ್ಕೊಂಡ್ನೇನು?"

"ಮೆಲ್ಲಕ ಮಾತಾಡು ದೊಡ್ಡವ್ವಾ. ಕೆಲಸದ ಮ್ಯಾಲ ಆತು ಅಂದ್ರ, ರೋಗಿಷ್ಟರನ್ನ ಗಾಡಿಗೆ ಹಚ್ಚಿದಾಂವ ಯಾರು ಅಂತ ಕೇಳ್ತಾರ. ನನ್ನ ಕೆಲಸ ಹೋಗತೈತಿ. ನಿನ್ನ ಮೊಮ್ಮಗಳು ಸಾಲ್ಯಾಗ ಅದಾಳ. ಡಾಕ್ಟರೂ ಅಪರೂಪದ್ದು ಅಂತಾನ ಬರದಾರ. ನಿಂದೇನು ಹೋಗತೈತಿ?"

"ನಂದು ಕೆಲಸ ಹೋಗತೈತಿ. ಕಾರ್ಡ ಹೋಗತೈತಿ. ಸಾಯೂತನಕ ಈ ಚೀಲ ಉಳೀತೈತಿ."

"ನಾ ಇಲ್ಲೇನು?"

ಅದೇ ಮಾತು. ಹಾಜರಿಗೆ ನಿಲ್ಲು ಎಂದಾಗಲೂ ಅದನ್ನೇ ಹೇಳಿದ್ದ. ಸಾವಕ್ಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಗೋಡೆಯ ಕಡೆ ಹೊರಳಿದಳು. ಹೊಲಿಗೆ ಎಳೆಯಿತು. ಹೊರಳಿಯೇ ಇದ್ದಳು. ಶಶಿ ಎಳನೀರು ಇಟ್ಟು ಹೋದ. ಅದನ್ನು ಅವಳು ಓದಿದ ಹುಡುಗಿಗೆ ಕೊಟ್ಟಳು. ಸಂಜೆ ಮಕ್ತುಮಬಿ ಬಂದು, ಕತ್ತರಿಸಿದ ಪಟ್ಟಿಯನ್ನು ಒಗೆದು ಒಣಗಿಸಿ ತಂದಿದ್ದನ್ನು ಕೊಟ್ಟಳು. ಸಾವಕ್ಕ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

ಹೆಬ್ಬಟ್ಟು ಸಿಗದಿದ್ದಕ್ಕೆ ಕಂಪನಿ ವಿಚಾರಣೆ ಇಟ್ಟಿತು. ಮೂರು ವಾರದ ಮೇಲೆ, ಹುಬ್ಬಳ್ಳಿಯ ಆಫೀಸಿನಲ್ಲಿ, ಮೂರನೇ ಮಾಳಿಗೆಯಲ್ಲಿ. ಲಿಫ್ಟು ಸಿಬ್ಬಂದಿಗೆ ಮಾತ್ರ. ಇಪ್ಪತ್ತು ವರ್ಷ ದುಡಿದವಳು ಸಿಬ್ಬಂದಿಯಲ್ಲವಂತೆ. ಸಾವಕ್ಕ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಿಗೂ ಕೂತು ಹತ್ತಿದಳು.

ವಿಚಾರಣೆ ಮಾಡುವವರು ದಾಕ್ಷಾಯಿಣಿ ಮೇಡಂ. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಮಾತು ಬೆಣ್ಣೆ. ಮೇಜಿನ ಈ ಕಡೆ ಸಾವಕ್ಕನಿಗೊಂದು ಸ್ಟೂಲು. ಆ ಕಡೆ ಮೇಡಂ ಪಕ್ಕದಲ್ಲಿ ಶಶಿಗೆ ಕುರ್ಚಿ. ಸಾಕ್ಷಿಗೆ ಕರೆಸಿದ್ದ ಮಕ್ತುಮಬಿ ಗೋಡೆಗೆ ಒರಗಿ ನೆಲದ ಮೇಲೆ. 'ಊರ ಕಡೆಯ' ಇಬ್ಬರಿಗೂ ಕಾಗದದ ಕಪ್ಪಿನಲ್ಲಿ ಚಹಾ ಬಂತು. ಶಶಿಯ ಚಹಾ ಪಿಂಗಾಣಿ ಕಪ್ಪಿನಲ್ಲಿತ್ತು.

"ಸಾವಕ್ಕಾರ, ನಮಗೂ ಮನಸ್ಸಿಗೆ ಭಾಳ ಕೆಟ್ಟ ಅನಸ್ತದ ರೀ," ಎಂದರು ಮೇಡಂ. "ಆದ್ರ ದಾಖಲೆ ನೋಡ್ಬೇಕಲ್ರಿ? ಆವತ್ತಿನ ಹಾಜರಿಯೊಳಗ ನಿಮ್ಮ ಹೆಸರಿಲ್ಲ. ಶಶಿಕುಮಾರ ಅವರು ನಿಮ್ಮ ಮನೆಯವರೇ. ಅವರೇ ನೀವು ಬಂದಿರಲಿಲ್ಲ ಅಂತ ಬರದು ಕೊಟ್ಟಾರ."

"ಬಂದಿದ್ನಿರಿ. ಗಾಡಿ ನೂಕಿದ್ನಿರಿ. ಆಮ್ಯಾಲ ಬರೀತೀನಿ ಅಂದಾಂವ ಅವನ. ಪಟ್ಟಿ ಬಿಗಿದಾಂವನೂ ಅವನ."

"ದೊಡ್ಡವ್ವಗ ಆಪರೇಷನ್ ಆದಾಗಿಂದ ನೆನಪಿನ ಶಕ್ತಿ ಕಡಿಮಿ ಆಗೇತಿ ಮೇಡಂ," ಎಂದ ಶಶಿ. ದನಿ ಮೆತ್ತಗಿತ್ತು. ಅವಳ ಕಡೆ ನೋಡದೆ ಹೇಳಿದ.

ಮೇಡಂ ಮಕ್ತುಮಬಿಯ ಕಡೆ ತಿರುಗಿದರು. "ನೀವು ಹೇಳ್ರಿ. ಆವತ್ತು ಸಾವಕ್ಕ ನಿಮ್ಮ ಜೋಡಿ ಇದ್ರೇನು?"

ಸಾವಕ್ಕ ನಿರಾಳವಾಗಿ ಕೂತಿದ್ದಳು. ಈ ಪ್ರಶ್ನೆಗಾಗಿಯೇ ಅಷ್ಟು ಮೆಟ್ಟಿಲು ಹತ್ತಿ ಬಂದಿದ್ದಳು.

ಮಕ್ತುಮಬಿ ನೆಲ ನೋಡಿದಳು. ಕಾಗದದ ಕಪ್ಪನ್ನು ಹಿಚುಕಿದಳು.

"ನೆನಪಿಲ್ರಿ ಮೇಡಂ."

ಹಿಂದಿನ ದಿನ ಶಶಿ ಅವಳ ಮನೆಗೆ ಹೋಗಿದ್ದ. ಅವಳ ಮಗಳು ಅಫ್ರೀನ್‌ಗೆ ಇದೇ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಕೊಡಿಸುತ್ತೇನೆ ಎಂದಿದ್ದ. ಕೊಡಿಸದೆಯೂ ಇರಬಹುದು, ನಿನ್ನ ಕೆಲಸವೂ ಹೋಗಬಹುದು ಎಂದೂ ಹೇಳಿದ್ದ. ಸಾವಕ್ಕನಿಗೆ ಇದು ಗೊತ್ತಿರಲಿಲ್ಲ. ಆದರೆ ನೆಲ ನೋಡುವ ಮುಖ ಅವಳಿಗೆ ಗೊತ್ತಿತ್ತು. ಜೀವ ಹಿಡಿದ ಕೈ ಅದು. ಆ ಕೈಯೂ ಬಿಟ್ಟಿತು.

"ಮತ್ತ ಮುಗೀತಲ್ರಿ," ಎಂದು ಮೇಡಂ ಹಾಳೆಯನ್ನು ಮುಂದೆ ಸರಿಸಿದರು. ಶಾಯಿಯ ಡಬ್ಬಿಯ ಮುಚ್ಚಳ ತೆಗೆದರು. "ಇಲ್ಲೊಂದು ಹೆಬ್ಬಟ್ಟು ಒತ್ತಿಬಿಡ್ರಿ. ನಮ್ಮ ಕಂಪನಿ ವಾರ್ಷಿಕೋತ್ಸವದಾಗ ನಿಮಗೊಂದು ಶಾಲು ಹೊದಿಸಿ ಸನ್ಮಾನ ಮಾಡಬೇಕಂತ ಅದ."

ಆಗಲೇ ಅದು ಆದದ್ದು. ಮೆಟ್ಟಿಲು ಹತ್ತಿದ್ದಕ್ಕೋ, ಗೆಳತಿಯ ಮಾತು ಕೇಳಿದ್ದಕ್ಕೋ, ಹೊಟ್ಟೆಯ ಹೊಸ ಬಾಯಿಯಿಂದ ಮಲ ಒಮ್ಮೆಲೇ ನುಗ್ಗಿತು. ಅಂಟು ಎದ್ದ ಚೀಲದ ಅಂಚಿನಿಂದ ಸೋರಿತು. ಸೀರೆ ನೆನೆಯಿತು. ಸ್ಟೂಲಿನ ಕಾಲಿನಿಂದ ಇಳಿದು ಹೊಳೆಯುವ ನೆಲದ ಮೇಲೆ ಹರಡಿತು. ಏಸಿ ಕೋಣೆ. ಕಿಟಕಿ ಮುಚ್ಚಿದ್ದವು. ವಾಸನೆ ತುಂಬಿತು.

ಮೇಡಂ ಸೆರಗು ಮೂಗಿಗೆ ಹಿಡಿದು ಎದ್ದು ನಿಂತರು. "ಅಯ್ಯ ಶಿವನ... ಹೊರಗ ಕರಕೊಂಡು ಹೋಗ್ರಿ ಇವರನ್ನ!"

ಸಾವಕ್ಕ ಮೇಡಂ ಕಡೆ ನೋಡಲಿಲ್ಲ. ಅವರು ಮೂಗು ಮುಚ್ಚುವುದು ಅವಳಿಗೆ ಹೊಸದಲ್ಲ. ಇಡೀ ಊರು ಅವಳ ಮುಂದೆ ಮೂಗು ಮುಚ್ಚಿಕೊಂಡೇ ಓಡಾಡಿದೆ. ಅವಳು ಶಶಿಯನ್ನು ನೋಡಿದಳು. ಶಶಿ ಜೇಬಿನಿಂದ ಮಡಿಚಿದ ಬಿಳಿ ಕರವಸ್ತ್ರ ತೆಗೆದು ಮೂಗಿಗೆ ಒತ್ತಿ ಹಿಡಿದಿದ್ದ.

ಸಾವಕ್ಕನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಾಚಿಕೆ ಇದ್ದ ಜಾಗದಲ್ಲಿ ಸಿಟ್ಟು ಬಂದು ಕೂತಿತು.

"ನಾ ಏಳಂಗಿಲ್ಲ," ಎಂದಳು.

ಕೈಚೀಲಕ್ಕೆ ಕೈ ಹಾಕಿ ಪಟ್ಟಿ ತೆಗೆದಳು. ನಡುವೆ ಗಂಟು, ಎರಡೂ ಕಡೆ ಕತ್ತರಿಸಿದ ತುದಿ. ಹಾಳೆಯ ಮೇಲೆ, ಶಾಯಿ ಡಬ್ಬಿಯ ಪಕ್ಕದಲ್ಲಿ ಇಟ್ಟಳು.

"ಮೇಡಂ, ಇದು ಆವತ್ತು ನನ್ನ ಬೆನ್ನ ಮ್ಯಾಲಿದ್ದ ಗಂಟ. ನಾನ ಕಟ್ಟಿಕೊಂಡೆ ಅಂತ ಬರದೀರಿ. ನನಗ ಇದು ಬಿಚ್ಚಾಕ ಬರಂಗಿಲ್ಲ. ದವಾಖಾನಿಯವರಿಗೂ ಬರಲಿಲ್ಲ, ಕತ್ತರಿಸಿದ್ರು. ಹಾಕಿದಾಂವಗ ಅಷ್ಟ ಬರತೈತಿ. ಶಶಿ, ಬಿಚ್ಚು."

"ಏನಿದು ಹುಚ್ಚಾಟ ದೊಡ್ಡವ್ವಾ," ಎಂದ ಶಶಿ ಕರವಸ್ತ್ರದ ಒಳಗಿನಿಂದ.

"ಬಿಚ್ಚು. ಬಿಚ್ಚಿದ್ರ ನಾ ಎದ್ದು ಹೋಗತೀನಿ. ಅಲ್ಲೀತನಕ ಇಲ್ಲೇ ಸೋರಕೋಂತ ಕೂಡ್ರಾಕಿ."

"ಲಗೂ ಮುಗಸ್ರಿ ಶಶಿಕುಮಾರ!" ಮೇಡಂಗೆ ಉಸಿರು ಕಟ್ಟಿತ್ತು. "ಏನರ ಮಾಡಿ ಕಳಿಸ್ರಿ ಮೊದಲ!"

ಶಶಿ ಎಡಗೈಯಲ್ಲಿ ಮೂಗು ಹಿಡಿದುಕೊಂಡೇ ಬಲಗೈಯಿಂದ ಪಟ್ಟಿಯನ್ನು ಕೆದಕಿದ. ಗಂಟು ಮೇಜಿನ ಮೇಲೆ ಆ ಕಡೆ ಈ ಕಡೆ ಜಾರಿತು.

"ಬರಂಗಿಲ್ಲ ಮೇಡಂ."

"ಒಂದ ಕೈಲೆ ಬರಂಗಿಲ್ಲ," ಎಂದಳು ಸಾವಕ್ಕ. "ಅದಕ್ಕ ಎರಡೂ ಕೈ ಬೇಕಂತ ನಿನಗ ಗೊತ್ತೈತಿ. ಮೂಗಿನ ಮ್ಯಾಲಿನ ಕೈ ತಗಿ. ಮೂರು ತಿಂಗಳ ನಿನ್ನ ಹೇಲ ಬಳದೀನಿ ಈ ಕೈಲೆ. ಉಣ್ಣೂವಾಗ ಎದ್ದು ಬಳದೀನಿ. ಒಂದ ದಿನಾ ಮೂಗ ಮುಚ್ಚಿಲ್ಲ. ತಗೀ ಕೈ!"

ಕೊನೆಯ ಮಾತು ಕೂಗಾಗಿತ್ತು. ಆ ದನಿಯಲ್ಲಿ ಅವಳು ಅವನನ್ನು ಒಂದೇ ಸಲ ಕೂಗಿದ್ದಳು. ಐದು ವರ್ಷದವನಿದ್ದಾಗ ಅಪ್ಪ ಸತ್ತ ಗುಂಡಿಯೊಳಗೆ ಇಣುಕಿದ್ದ, ಆಗ.

ಶಶಿಯ ಕೈ ಇಳಿಯಿತು. ಕರವಸ್ತ್ರ ಮೇಜಿನ ಮೇಲೆ ಬಿತ್ತು. ವಾಸನೆ ಹೊಡೆದು ಮುಖ ಕಿವುಚಿತು. ಎರಡೂ ಕೈಯಲ್ಲಿ ಪಟ್ಟಿ ಹಿಡಿದ. ಬರುವುದಿಲ್ಲ ಎಂದು ತೋರಿಸಬೇಕೆಂದೇ ಹಿಡಿದಿದ್ದನೋ ಏನೋ. ಸುಳ್ಳು ಬಾಯಿಗೆ ಬಂದಷ್ಟು ಸಲೀಸಾಗಿ ಕೈಗೆ ಬರುವುದಿಲ್ಲ. ಹದಿಮೂರು ವರ್ಷ ದಿನಾ ಸಂಜೆ ಮಾಡಿದ ಕೆಲಸ. ಎಡಗೈ ತಾನಾಗಿ ಮಡಿಕೆ ಹಿಡಿಯಿತು. ಬಲಗೈಯ ಬೆರಳು ಒಳಗೆ ಹೋಗಿ ಅಡಗಿದ್ದ ತುದಿಯನ್ನು ಹುಡುಕಿ ಎಳೆಯಿತು.

ಗಂಟು ಸರಕ್ಕನೆ ಬಿಚ್ಚಿತು.

ಶಶಿ ತನ್ನ ಕೈಗಳನ್ನೇ ನೋಡುತ್ತ ಕೂತ. ಮೇಡಂ ಮೂಗಿನ ಸೆರಗನ್ನು ಮರೆತು ಪಟ್ಟಿಯನ್ನು ನೋಡಿದರು, ಅವನನ್ನು ನೋಡಿದರು.

ಗೋಡೆಯ ಬಳಿಯಿಂದ ಮಕ್ತುಮಬಿ ಎದ್ದಳು. ಮೇಜಿನ ಮೇಲಿದ್ದ ಮೇಡಂ ಅವರ ನೀರಿನ ಬಾಟಲಿ ಕೇಳದೆ ತೆಗೆದುಕೊಂಡಳು. ಸೆರಗಿಗೆ ಸುರಿದಳು. ಸಾವಕ್ಕನ ಮುಂದೆ ಮೊಣಕಾಲೂರಿ, ಬರಿಗೈಯಲ್ಲಿ ಚೀಲ ಎತ್ತಿ ಹಿಡಿದು, ಅವಳ ಹೊಟ್ಟೆ ಒರೆಸತೊಡಗಿದಳು. ಕಣ್ಣಿಂದ ನೀರು ಹರಿಯುತ್ತಿತ್ತು. ಒರೆಸುತ್ತಲೇ ಹೇಳಿದಳು:

"ನನಗ ನೆನಪಾತ್ರಿ ಮೇಡಂ. ಎಲ್ಲಾ ನೆನಪಾತು."

ಸಾವಕ್ಕ ಅವಳ ತಲೆಯ ಮೇಲೆ ಕೈಯಿಡಲಿಲ್ಲ. ಆ ಮಾತು ಹತ್ತು ನಿಮಿಷ ತಡವಾಗಿತ್ತು. ಅದನ್ನು ಆಮೇಲೆ ನೋಡೋಣ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಹಳೆಯ ಹಾಳೆಯನ್ನು ಮೇಜಿನಿಂದ ಕೆಳಗೆ ತಳ್ಳಿದಳು. ಅದು ಸೋರಿದ್ದರ ಮೇಲೆ ಬಿದ್ದು ನೆನೆಯಿತು.

"ಹೊಸಾ ಹಾಳಿ ತಗೋರಿ ಮೇಡಂ," ಎಂದಳು. "ನಾ ಹೇಳತೀನಿ, ಬರ್ಕೋರಿ. ಮೊದಲ ನನ್ನ ಹೆಸರ ಬರೀರಿ. ಆಮ್ಯಾಲ ಪಟ್ಟಿ ಬಿಗಿದಾಂವನ ಹೆಸರ ಬರೀರಿ. ಅವ ನನಗ ಏನಾಗಬೇಕು ಅಂತ ಬರಿಯೂದು ಬ್ಯಾಡ."